ಖಾಲಿ ಹೊಟ್ಟೆಯ ಮಾತ್ರೆ

ಆನೇಮಹಲ್‌ನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಅಡುಗೆಮನೆ ಪೂರ್ತಿ ಗಂಗಾಮಣಿಯದೇ ರಾಜ್ಯ. ಹಸಿದು ಬಂದವರನ್ನು ಹಾಗೇ ಕಳಿಸಿದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಸಾಕು ಎಂದ ಲಾರಿ ಡ್ರೈವರನ್ನೂ ಗದರಿಸಿ ಇನ್ನೊಂದು ಅಕ್ಕಿರೊಟ್ಟಿ ಬಡಿಸುವ ಹೆಂಗಸು ಅವಳು. ಅಂಥವಳ ಗಂಡನಿಗೇ ಡಾಕ್ಟರು ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಬರೆದುಕೊಡಬೇಕೇ!

ಗಂಡ ಧರ್ಮನ ತೊಡೆಯಲ್ಲಿ ಗೆಡ್ಡೆಯಾಗಿ ಶುರುವಾದದ್ದು ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್. ಆಪರೇಷನ್ ಆದಮೇಲೂ ಅದು ಶ್ವಾಸಕೋಶಕ್ಕೆ ಹಬ್ಬಿತು. ಕೀಮೋ ನಾಟಲಿಲ್ಲ. ಕೊನೆಗೆ ಉಳಿದದ್ದು ಈ ಮಾತ್ರೆ. ಊಟಕ್ಕೆ ಒಂದು ಗಂಟೆ ಮೊದಲೇ ನುಂಗಬೇಕೆಂದು ಮಂಗಳೂರಿನ ಡಾಕ್ಟರು ಒತ್ತಿ ಹೇಳಿದ್ದರು. ಮಾತ್ರೆ ಕೆಲಸವನ್ನೂ ಮಾಡಿತು. ಅದರ ಅಡ್ಡಪರಿಣಾಮಕ್ಕೆ ಕೂದಲೆಲ್ಲ ಬೆಳ್ಳಗಾದರೂ ಧರ್ಮನ ಕೆಮ್ಮು ತಗ್ಗಿತು. ಆದರೆ ಅವನು ದಿನವೂ ಓಕರಿಸುವುದನ್ನು ಗಂಗಾಮಣಿಗೆ ನೋಡಲಾಗಲಿಲ್ಲ. ಇಷ್ಟು ಉಷ್ಣದ ಔಷಧಿ ಖಾಲಿ ಹೊಟ್ಟೆಯನ್ನು ಸುಡದೆ ಬಿಡುತ್ತದೆಯೇ? ತುಪ್ಪ ಸವರಿದ ರೊಟ್ಟಿ ತಿನ್ನಿಸಿಯೇ ಮಾತ್ರೆ ಕೊಡತೊಡಗಿದಳು. ಡಾಕ್ಟರಿಗಿಂತ ತಾನೇ ಬಲ್ಲೆ ಎಂಬ ಹಮ್ಮು ಬೇರೆ.

ಕೆಲವೇ ವಾರಗಳಲ್ಲಿ ಧರ್ಮ ಸುಸ್ತಾಗಿ ಹಾಸಿಗೆ ಹಿಡಿದ. ರಕ್ತಪರೀಕ್ಷೆ ನೋಡಿ ಡಾಕ್ಟರು ಮುಖ ಸಪ್ಪೆ ಮಾಡಿದರು. "ನಿಮ್ಮ ಲಿವರ್ ತಡ್ಕೊಳ್ತಿಲ್ಲ. ಈ ಔಷಧಿ ನಿಮಗೆ ಆಗಿಬರಲ್ಲ ಅಂತ ಕಾಣುತ್ತೆ, ಪೂರ್ತಿ ನಿಲ್ಲಿಸಿಬಿಡೋಣ. ಖಾಲಿ ಹೊಟ್ಟೇಲೇ ತಗೊಂಡ್ರಿ ತಾನೆ?"

ಧರ್ಮ ಹೆಂಡತಿಯ ಮುಖ ನೋಡಿದ. "ಹೂಂ ಸಾರ್, ಖಾಲಿ ಹೊಟ್ಟೇಲೇ."

ಗಂಗಾಮಣಿಗೆ ಎಲ್ಲ ಅರ್ಥವಾಯಿತು. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ಗಂಡನ ಕೊನೆಯ ಔಷಧಿ ಕೈಬಿಟ್ಟು ಹೋಗುತ್ತದೆ. ಸೆರಗು ಹಿಂಡುತ್ತಾ ಬಾಯಿ ಬಿಟ್ಟಳು. "ಸುಳ್ಳು ಸಾರ್. ನಾನೇ ರೊಟ್ಟಿ ತಿನ್ಸಿ ಕೊಟ್ಬುಟ್ಟೆ. ದಿನಾ."

ಡಾಕ್ಟರು ಬೈಯಲಿಲ್ಲ. ಊಟದ ಜೊತೆ ತಗೊಂಡರೆ ಈ ಮಾತ್ರೆ ಮೈಗೆ ವಿಪರೀತ ಏರುತ್ತದೆ, ಸದ್ಯಕ್ಕೆ ನಿಲ್ಲಿಸಿ ನೋಡೋಣ, ಲಿವರ್ ಸುಧಾರಿಸಿದರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದು ಎಂದರು. ಸುಧಾರಿಸದಿದ್ದರೆ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. "ಬೈಯ್ರೀ ನನ್ನ. ನನ್ ಕೈಯಾರೆ ವಿಷ ಹಾಕ್ಬುಟ್ಟೆ."

"ತಿನ್ಬಾರ್ದು ಅಂತ ನಂಗೂ ಗೊತ್ತಿತ್ತು ಕಣೇ," ಎಂದ ಧರ್ಮ. "ಕಾಯ್ಲೆ ಬಂದ್ಮೇಲೆ ನಿನ್ ಮುಖದಾಗೆ ನಗು ಕಂಡಿದ್ದು ನಾನು ರೊಟ್ಟಿ ತಿನ್ನೋವಾಗ ಮಾತ್ರ. ಹೆಂಗ್ ಬ್ಯಾಡ ಅನ್ಲಿ?"