ಲಕ್ಷದ ಮೂರು

ನಮ್ಮಪ್ಪನಿಗೆ ಮಧುಗಿರಿ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ಕೊರಳಿನ ಲಿಂಗ ಮುಟ್ಟಿ ಒಂದು ಮಾತು ಆಡಿದರೆಂದರೆ ಮುಗಿಯಿತು, ತಲೆ ಹೋದರೂ ತಪ್ಪುವವರಲ್ಲ ಎಂದು ಊರೇ ಕೊಂಡಾಡುತ್ತಿತ್ತು. ನಾನೂ ಹಾಗೆಯೇ ನಂಬಿದ್ದೆ.

ಊರಿನ ಮಿಡ್ಲ್ ಸ್ಕೂಲು ಮುಗಿದ ಮೇಲೆ ತುಮಕೂರಿನ ದೊಡ್ಡಮ್ಮನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗಬೇಕೆಂದು ನನ್ನ ಹಟ. ಸಿರಾದ ವ್ಯಾಪಾರಿಯೊಬ್ಬರ ಮಗನಿಗೆ ಕೊಡಬೇಕೆಂದು ಅಪ್ಪನದು. ನಾನು ಊಟ ಬಿಟ್ಟು ಕೂತೆ. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಕರೆದರು. ಲಿಂಗ ಮುಟ್ಟಿಕೊಂಡೇ ಹೇಳಿದರು:

"ತುಮಕೂರಿಗೆ ಕಳಿಸ್ತೀನಿ ಕಣಮ್ಮ. ಆದ್ರೆ ಒಂದು ಲೆಕ್ಕ. ಲಕ್ಷದ ಮೂರನ್ನ ಏನೂ ಮಿಗದಂಗೆ ಭಾಗಿಸೋ ಸಂಖ್ಯೆ ಹುಡುಕ್ಕೊಂಡು ಬಾ. ಒಂದು ಆಗಕ್ಕಿಲ್ಲ, ಲಕ್ಷದ ಮೂರೂ ಆಗಕ್ಕಿಲ್ಲ. ಮಾರ್ನವಮಿ ಒಳಗೆ ತಂದ್ಬುಟ್ರೆ ಆಯ್ತು."

ಇಷ್ಟೇನಾ ಎಂದು ಉಬ್ಬಿಹೋದೆ. ಅಷ್ಟು ದೊಡ್ಡ ಸಂಖ್ಯೆಗೆ ಒಂದಾದರೂ ಸಿಗದೆ ಇರುತ್ತದೆಯೇ? ಎಂಥ ದಡ್ಡಿ ನಾನು.

ಸ್ಲೇಟು ಹಿಡಿದು ಹಿತ್ತಿಲಲ್ಲಿ ಕೂತೆ. ಎರಡನ್ನೂ ಐದನ್ನೂ ನೋಡುವ ಹಾಗೇ ಇರಲಿಲ್ಲ. ಅಂಕಿ ಕೂಡಿದರೆ ನಾಲ್ಕು, ಹಾಗಾಗಿ ಮೂರೂ ಹೋಯಿತು. ಏಳರಿಂದ ಭಾಗಿಸಿದರೆ ಕೊನೆಗೆ ಒಂದೇ ಒಂದು ಉಳಿಯಿತು. ಆ ಒಂದರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹನ್ನೊಂದು, ಹದಿಮೂರು, ಹದಿನೇಳು, ಎಲ್ಲವೂ ಕೈಕೊಟ್ಟವು. "ರಾಗಿ ಬೀಸೋದು ಬುಟ್ಟು ಅದೇನ್ಲೇ ಗೀಚ್ತೀಯ?" ಎಂದು ಅವ್ವ ದಿನವೂ ಬೈಯುತ್ತಿದ್ದಳು.

ಲಕ್ಷದ ಮೂರರವರೆಗೂ ಹೀಗೆ ಹೋದರೆ ಮುದುಕಿಯಾಗುತ್ತೇನೆ ಎಂದು ಅಳು ಬರುವ ಹೊತ್ತಿಗೆ ಒಂದು ಹೊಳೆಯಿತು. ದೊಡ್ಡ ಸಂಖ್ಯೆಯೊಂದು ಇದನ್ನು ಭಾಗಿಸಿದರೆ ಅದರ ಜೊತೆಗೆ ಸಣ್ಣದೊಂದು ಇರಲೇಬೇಕು. ಮುನ್ನೂರ ಹದಿನೇಳನ್ನು ಅದರಿಂದಲೇ ಗುಣಿಸಿದರೆ ಲಕ್ಷದ ಮೂರನ್ನು ದಾಟುತ್ತದೆ. ಅಂದರೆ ಅದಕ್ಕಿಂತ ಕೆಳಗೆ ಸಿಗದಿದ್ದರೆ ಮೇಲೂ ಸಿಗುವುದಿಲ್ಲ. ಏಳು ಭಾಗಿಸದ ಮೇಲೆ ಹದಿನಾಲ್ಕು, ಇಪ್ಪತ್ತೊಂದರ ಗೊಡವೆಯೂ ಬೇಡ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಒಬ್ಬಳೇ ನಕ್ಕೆ.

ಕೊನೆಗೆ ಉಳಿದದ್ದು ಮುನ್ನೂರ ಹದಿಮೂರು. ಅದೂ ನೂರೈವತ್ತಾರನ್ನು ಉಳಿಸಿತು. ಲಕ್ಷದ ಮೂರನ್ನು ಭಾಗಿಸುವ ಸಂಖ್ಯೆ ಲೋಕದಲ್ಲೇ ಇಲ್ಲ. ಸಿಗಲಿಲ್ಲ ಎನ್ನುವುದು ಬೇರೆ, ಇಲ್ಲವೇ ಇಲ್ಲ ಎಂದು ತೋರಿಸುವುದು ಬೇರೆ. ಹುಡುಕಿ ತಂದದ್ದಕ್ಕಿಂತ ಇದು ದೊಡ್ಡದು, ಅಪ್ಪ ಬೆನ್ನು ತಟ್ಟುತ್ತಾರೆ ಎಂದುಕೊಂಡು ಅಂಗಡಿಗೆ ಓಡಿದೆ.

ಅಪ್ಪ ಸೀರೆ ಮಡಿಸುತ್ತಿದ್ದರು. ಮುನ್ನೂರ ಹದಿನೇಳರ ಮಾತನ್ನೂ ಬಿಡದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಡಿಸುವ ಕೈ ನಿಲ್ಲಲಿಲ್ಲ.

"ಸರಿಯಾಗೇ ಮಾಡಿದ್ದೀಯ ಕಣಮ್ಮ. ಅದು ಯಾವುದರಾಗೂ ಭಾಗ ಹೋಗಕ್ಕಿಲ್ಲ. ಮೈಸೂರ್ನಾಗೆ ಬಿ.ಎ. ಓದ್ತಾನಲ್ಲ ನಿಮ್ ಚಿಕ್ಕಪ್ಪ, ಅವನೇ ಹುಡುಕ್ಕೊಟ್ಟಿದ್ದು. ಬೇರೆ ಏನು ಕೊಟ್ರೂ ಅವಳು ಮಾಡ್ಬುಡ್ತಾಳೆ ಅಂದ."

ನಾನು ಅವರ ಕೊರಳಿನ ಲಿಂಗವನ್ನೇ ನೋಡಿದೆ.

"ಸೋಮವಾರ ಸಿರಾದೋರು ವೀಳ್ಯಕ್ಕೆ ಬರ್ತಾವ್ರೆ. ಎಣ್ಣೆ ಹಚ್ಕೊಂಡು ತಲೆಗೆ ನೀರ್ಹಾಕ್ಕೋ, ಹೋಗು" ಎಂದು ಇನ್ನೊಂದು ಸೀರೆಗೆ ಕೈ ಹಾಕಿದರು.

ಆಮೇಲೆ ಸಿರಾದ ಮನೆಯಲ್ಲಿ ನಲವತ್ತು ವರ್ಷ ಬಾಳಿದೆ. ನಾನು ಮಾಡಿದ ಲೆಕ್ಕ ಸರಿ ಎಂದು ಒಬ್ಬರು ಒಪ್ಪಿಕೊಂಡದ್ದು ನನ್ನ ಜೀವಮಾನದಲ್ಲಿ ಅವತ್ತು ಅಂಗಡಿಯಲ್ಲಿ, ಅದೊಂದೇ ಸಲ.