ಹಲ್ಲಿನ ಆಸ್ಪತ್ರೆಯ ಗಂಗಕ್ಕ

ಮಧುಗಿರಿಯಲ್ಲಿ ಹಲ್ಲುನೋವು ಬಂದವರು ಡಾಕ್ಟರ ಹೆಸರು ಹೇಳುವುದಿಲ್ಲ. "ಗಂಗಕ್ಕನ ಆಸ್ಪತ್ರೆಗೆ ಹೋಗಿ ಬರ್ತೀನಿ" ಎನ್ನುತ್ತಾರೆ. ಗಂಗಲಕ್ಷ್ಮಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಾಕ್ಟರ್ ನಂದೀಶ್ವರಯ್ಯನವರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಹಲ್ಲಿನ ಆಸ್ಪತ್ರೆ ತೆರೆದಾಗ, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ಈ ಹುಡುಗಿಯನ್ನು ಕೆಲಸಕ್ಕೆ ಸೇರಿಸಿಕೊಂಡರು. ಅಂದು ಎರಡು ಜಡೆ ಹಾಕಿಕೊಂಡು ಬಂದವಳ ತಲೆ ಈಗ ಮುಕ್ಕಾಲು ನೆರೆತಿದೆ.

ಆ ಕಾಲವನ್ನು ನೆನೆದಾಗ ಗಂಗಕ್ಕನ ಕಿವಿಗೆ ಮೊದಲು ಕೇಳಿಸುವುದು ಕುಕ್ಕರಿನ ಸೀಟಿ. ಹಲ್ಲು ಕೀಳುವ ಇಕ್ಕಳಗಳನ್ನು ಕುಕ್ಕರಿನಲ್ಲಿಟ್ಟು ಸೀಮೆಎಣ್ಣೆ ಸ್ಟೌವಿನ ಮೇಲೆ ಬೇಯಿಸುತ್ತಿದ್ದರು. ಸೀಟಿ ಹೊಡೆದಾಗಲೆಲ್ಲ ಹೊರಗಿನ ಬೆಂಚಿನಿಂದ ಯಾರಾದರೂ, "ಏನ್ ಗಂಗಕ್ಕ, ಬ್ಯಾಳೆ ಬೆಂತಾ?" ಎನ್ನುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು, "ಕೊಳಾಲದ ಓಬಕ್ಕ, ದವಡೆ ಹಲ್ಲು ಕೀಳ್ಸೋದು, ಬಾರಮ್ಮ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವಳು. ಓಬಕ್ಕ ಹೆದರಿ ಹಿಂದೆ ಸರಿದರೆ ಬೆಂಚಿಗೆ ಬೆಂಚೇ ಎದ್ದು ಧೈರ್ಯ ಹೇಳುತ್ತಿತ್ತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹೊರಗಿದ್ದವರೂ ಕತ್ತು ಚಾಚಿ ನೋಡುವರು. ಪಾವಗಡದ ಕಡೆಯವರು ಅಲ್ಲಿಯ ನೀರಿಗೆ ಹಲ್ಲು ಕಂದಾಗಿದ್ದನ್ನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿಕೊಂಡು ನಗುವರು, ಉಳಿದವರು ಅಯ್ಯೋ ಎನ್ನುವರು. ಮಕ್ಕಳ ಹಾಲುಹಲ್ಲು ಕಿತ್ತರೆ ಗಂಗಕ್ಕ ಅದನ್ನು ಕಾಗದದಲ್ಲಿ ಸುತ್ತಿ, ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯಿರೆಂದು ತಾಯಂದಿರ ಕೈಗೆ ಕೊಡುವಳು. ಯಾರ ನೋವೂ ಯಾರಿಗೂ ಗುಟ್ಟಾಗಿರಲಿಲ್ಲ.

ನಂದೀಶ್ವರಯ್ಯನವರು ವಯಸ್ಸಾಗಿ ಮನೆ ಹಿಡಿದರು. ಮಗಳು ಬಿಂದುಶ್ರೀ ಡಾಕ್ಟರಾಗಿ ಬಂದು ಅದೇ ಕುರ್ಚಿಯ ಪಕ್ಕ ನಿಂತಳು. ಕುಕ್ಕರು ಗಂಗಕ್ಕನ ಅಡಿಗೆಮನೆಗೂ ಬರದೆ ಗುಜರಿಗೆ ಹೋಯಿತು. ಅದರ ಜಾಗದಲ್ಲಿ ಉಪಕರಣಗಳನ್ನು ಆವಿಯಲ್ಲಿ ಶುದ್ಧಮಾಡುವ ಯಂತ್ರ ಬಂತು. ಒಬ್ಬೊಬ್ಬರಿಗೂ ಬೇರೆ ತಟ್ಟೆ, ಹೊಸ ಕೈಗವಸು, ಮುಖಕ್ಕೆ ಮಾಸ್ಕು, ರಕ್ತದ ಹತ್ತಿಗೆ ಹಳದಿ ಚೀಲ, ಸೂಜಿಗೆ ಗಟ್ಟಿ ಡಬ್ಬಿ.

"ಕೈಗೆ ಈ ಚೀಲ ಹಾಕ್ಕಂಡ್ರೆ ಕೈಯೇ ನಂದಲ್ಲ ಅನ್ನಿಸ್ತೈತೆ ಕಣಮ್ಮ" ಎಂದು ಗಂಗಕ್ಕ ಮೊದಮೊದಲು ಗೊಣಗಿದಳು.

"ಗೊಣಗಿ ಗಂಗಕ್ಕ, ಆದ್ರೆ ಹಾಕ್ಕೊಂಡು ಗೊಣಗಿ. ಸೂಜಿಗೆ ಮತ್ತೆ ಮುಚ್ಚಳ ಹಾಕೋಕೆ ಹೋಗ್ಬೇಡಿ, ಚುಚ್ಕೋತೀರ. ಹಂಗೇ ಡಬ್ಬಿಗೆ ಹಾಕಿ" ಎಂದಳು ಬಿಂದುಶ್ರೀ.

ಕೈ ಬೇಗ ಕಲಿಯಿತು. ಕಲಿಯದೆ ಉಳಿದದ್ದು ಬಾಯಿ. ಯಾರ ಬಾಯಲ್ಲಿ ಏನಿದೆ ಎಂಬ ಮಾತು ಆಸ್ಪತ್ರೆಯ ಬಾಗಿಲು ದಾಟಬಾರದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಳು. ಹೆಸರು ಕೂಗುವುದು ನಿಂತು ಟೋಕನ್ ನಂಬರು ಬಂತು. ಗಂಗಕ್ಕ ಒಪ್ಪಿದಳು. ಆದರೆ ಮನಸ್ಸಿನಲ್ಲೇ ಒಂದು ರಿಯಾಯಿತಿ ಇಟ್ಟುಕೊಂಡಳು. ಕೆಟ್ಟದ್ದನ್ನು ಹೇಳಬಾರದು ಸರಿ, ಒಳ್ಳೆಯದನ್ನು ಹೇಳಿದರೆ ಯಾರ ಗಂಟು ಹೋಗುತ್ತದೆ? ಹೆಣ್ಣು ನೋಡುವವರು ಬಂದು ಮೆಲ್ಲಗೆ ವಿಚಾರಿಸಿದಾಗ, ಹುಡುಗಿಗೆ ಯಾವ ಊನವೂ ಇಲ್ಲದಿದ್ದರೆ ಧಾರಾಳವಾಗಿ ಹೊಗಳಿ ಕಳುಹಿಸುತ್ತಿದ್ದಳು. ಏನಾದರೂ ಇದ್ದರೆ ಮಾತ್ರ ಸುಮ್ಮನಾಗುತ್ತಿದ್ದಳು.

ಶಿರಾ ಕಡೆಯ ಕೊಲ್ಲಾಪುರಮ್ಮ ಆಗ ಅಣ್ಣನ ಮಗ ರಂಗೇಶನಿಗೆ ಹೆಣ್ಣು ಹುಡುಕುತ್ತಿದ್ದಳು. ಹುಡುಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮೊದಲು ಪಾವಗಡದ ಒಬ್ಬ ಹುಡುಗಿಯ ಬಗ್ಗೆ ಕೇಳಿದಾಗ ಗಂಗಕ್ಕ, "ಮುತ್ತು ಪೋಣಿಸ್ದಂಗೈತೆ ಕಣಮ್ಮ ಹಲ್ಲು" ಎಂದಿದ್ದಳು. ಜಾತಕ ಕೂಡದೆ ಆ ಮಾತು ನಿಂತುಹೋಯಿತು. ಕೆಲವು ತಿಂಗಳ ನಂತರ ಕೊಲ್ಲಾಪುರಮ್ಮ ಗಂಡನ ಹಲ್ಲು ತೋರಿಸುವ ನೆಪದಲ್ಲಿ ಮತ್ತೆ ಬಂದಳು.

"ಕೊಳಾಲದ ಚನ್ನಮಲ್ಲಯ್ಯನ ಮಗಳು ಅಶ್ವಿನಿ, ಕೊರಟಗೆರೆ ಇಸ್ಕೂಲ್ನಾಗೆ ಮೇಡಮ್ಮು. ನಿಮ್ಮಲ್ಲಿಗೇ ಬರ್ತಾಳಂತೆ. ಹೆಂಗವ್ಳೆ? ಬರೋ ವಾರ ಒಪ್ಪಿಗೆ ಶಾಸ್ತ್ರ ಇಟ್ಕಂಡಿವಿ."

ಗಂಗಕ್ಕನಿಗೆ ಆ ಹುಡುಗಿ ಚೆನ್ನಾಗಿ ಗೊತ್ತು. ಅಶ್ವಿನಿ ಚಿಕ್ಕವಳಿದ್ದಾಗ ಶಾಲೆಯವರ ಜೊತೆ ಸಿದ್ದರಬೆಟ್ಟಕ್ಕೆ ಹೋಗಿ ಮೆಟ್ಟಿಲಲ್ಲಿ ಮುಗ್ಗರಿಸಿ, ಮುಂದಿನ ಹಲ್ಲು ಕಳೆದುಕೊಂಡು ಬಂದ ದಿನ ಅವಳ ಕೈ ಹಿಡಿದು ಕೂತಿದ್ದವಳು ತಾನೇ. ದೊಡ್ಡವಳಾದ ಮೇಲೆ ಬಿಂದುಶ್ರೀ ಅಲ್ಲಿ ಹೊಸ ಹಲ್ಲು ಕಟ್ಟಿಕೊಟ್ಟಿದ್ದಳು.

"ಅದೆಲ್ಲ ಹೇಳಂಗಿಲ್ಲ ಕಣಮ್ಮ. ಡಾಕ್ಟ್ರಮ್ಮ ಬೈತಾರೆ."

"ಅಂಗಾ? ಓದ್ಸಲ ನಾನು ಕೇಳ್ದಾಗ ನಿಮ್ ಡಾಕ್ಟ್ರಮ್ಮ ಊರಾಗಿರ್ಲಿಲ್ವಾ?" ಕೊಲ್ಲಾಪುರಮ್ಮ ಕಣ್ಣು ಕಿರಿದು ಮಾಡಿ ನಕ್ಕಳು. "ಬುಡು ಬುಡು. ಏನೋ ಐತೆ ಅಂತ ಗೊತ್ತಾಯ್ತು."

ಅವಳು ಗಂಡನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಗಂಗಕ್ಕ ಕೈಗವಸು ತೆಗೆದು ಹಳದಿ ಚೀಲದ ಬದಲು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು. ಬಿಂದುಶ್ರೀ ಅದನ್ನು ಕಂಡು ಏನಾಯಿತೆಂದು ಕೇಳಿದಾಗ, ಇದ್ದದ್ದನ್ನೆಲ್ಲ ಹೇಳಿದಳು.

"ನಾನು ಬಾಯೇ ಬಿಡ್ಲಿಲ್ಲ ಕಣಮ್ಮ."

"ಇವತ್ತು ಬಿಡ್ಲಿಲ್ಲ ಗಂಗಕ್ಕ. ಪಾವಗಡದ ಹುಡುಗಿ ವಿಷಯಕ್ಕೆ ಬಿಟ್ರಲ್ಲ, ಅವತ್ತೇ ಇವತ್ತಿಂದನ್ನೂ ಹೇಳ್ಬಿಟ್ರಿ" ಎಂದಳು ಬಿಂದುಶ್ರೀ. ಬೈಯಲಿಲ್ಲ. ಬೈದಿದ್ದರೆ ಗಂಗಕ್ಕನಿಗೆ ಹಗುರವಾಗುತ್ತಿತ್ತು. "ಮೊದ್ಲು ಹೋಗಿ ಆ ಹುಡುಗಿಗೆ ಹೇಳಿ. ಬೇರೆಯವ್ರಿಂದ ಕೇಳೋದು ಬೇಡ."

ಗಂಗಕ್ಕ ಸಿಕ್ಕಿದ ಬಸ್ಸು ಹತ್ತಿ ಕೊರಟಗೆರೆಗೆ ಹೋದಳು. ಅಶ್ವಿನಿ ಶಾಲೆಯ ಬೇವಿನ ಮರದ ಕೆಳಗೆ ಮಕ್ಕಳನ್ನು ಊಟಕ್ಕೆ ಕೂರಿಸುತ್ತಿದ್ದಳು. ವಿಷಯ ಕೇಳಿ ಅವಳ ಮುಖ ಕಪ್ಪಿಟ್ಟಿತು.

"ನಾನು ಮುಚ್ಚಿಡ್ಬೇಕು ಅಂತಿರ್ಲಿಲ್ಲ ಗಂಗಕ್ಕ. ರಂಗೇಶ್ ಅವ್ರಿಗೆ ನಾನೇ ಹೇಳ್ಬೇಕು ಅಂತಿದ್ದೆ. ಈಗ ಅವ್ರತ್ತೆ ಹೋಗಿ ಹೇಳಿದ್ರೆ, ಇಷ್ಟನ್ನೇ ಮುಚ್ಚಿಟ್ಟವ್ಳು ಇನ್ನೇನೇನು ಮುಚ್ಚಿಟ್ಟವ್ಳೋ ಅಂತಾರೆ. ನನ್ ಹಲ್ಲು, ಹೇಳೋ ಹೊತ್ತೂ ನಂದಾಗಿರ್ಬೇಕಿತ್ತು."

"ತಪ್ಪಾಯ್ತು ಕಣವ್ವ. ನಾನು ಎತ್ಕಂಡು ಸಾಕ್ದಂಗೆ ನೋಡ್ದೋಳು ನಿನ್ನ..."

"ಅದಕ್ಕೇ ಜಾಸ್ತಿ ನೋವಾಗೋದು."

ಅಶ್ವಿನಿ ಅಲ್ಲೇ ಫೋನು ತೆಗೆದು ರಂಗೇಶನಿಗೆ ಕರೆ ಮಾಡಿದಳು. "ನಿಮ್ಮತ್ತೆ ಮನೆ ಮುಟ್ಟೋಕ್ ಮುಂಚೆ ಒಂದ್ ಮಾತು" ಎಂದು ಶುರುಮಾಡಿ, ಬೆಟ್ಟದ ಮೆಟ್ಟಿಲಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಆಮೇಲೆ ಬಹಳ ಹೊತ್ತು ಬರಿಯ ಹೂಂಗುಟ್ಟುತ್ತಿದ್ದಳು. ಗಂಗಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

"ಏನಂದ್ರವ್ವ?"

"ಅದು ನಮ್ಮಿಬ್ಬರ ಮಾತು" ಎಂದು ಅಶ್ವಿನಿ ಮಕ್ಕಳ ಕಡೆಗೆ ನಡೆದಳು.

ಒಪ್ಪಿಗೆ ಶಾಸ್ತ್ರ ನಡೆಯಿತು, ಮದುವೆಯೂ ಆಯಿತು. ಲಗ್ನಪತ್ರಿಕೆ ಆಸ್ಪತ್ರೆಗೆ ಬಂದದ್ದು ಡಾಕ್ಟರಮ್ಮನ ಹೆಸರಿಗೆ ಮಾತ್ರ. ಗಂಗಕ್ಕ ಮದುವೆಯ ದಿನ ಆಸ್ಪತ್ರೆಯಲ್ಲೇ ಉಳಿದು, ತೊಳೆದಿದ್ದ ತಟ್ಟೆಗಳನ್ನೇ ಮತ್ತೆ ತೊಳೆದಳು.

ಅಂದಿನಿಂದ ಯಾರು ಯಾರ ಬಗ್ಗೆ ಕೇಳಿದರೂ ಅವಳ ಉತ್ತರ ಒಂದೇ. ಅಪ್ಪಟ ಗಟ್ಟಿ ಹಲ್ಲಿನವರ ವಿಷಯಕ್ಕೂ "ಹೇಳಂಗಿಲ್ಲ" ಎಂದೇ. ನಾಲಗೆಯ ತುದಿಗೆ ಬಂದ ಹೊಗಳಿಕೆಯನ್ನು ನುಂಗುವುದು ಎಷ್ಟು ಕಷ್ಟವೆಂಬುದು ಅವಳಿಗೇ ಗೊತ್ತು. ಬೆಂಚಿನವರು ಮುನಿಸಿಕೊಂಡರು. "ದೊಡ್ಡೋಳಾಗ್ಬುಟ್ಟೆ ಕಣಮ್ಮ ಗಂಗಕ್ಕ" ಎಂದು ಚುಚ್ಚಿದರು. ಈಗೀಗ ಕೇಳುವುದನ್ನೇ ಬಿಟ್ಟಿದ್ದಾರೆ. ಟೋಕನ್ ನಂಬರು ಕೂಗಿ ನಿಂತಾಗ ಹಳೆಯ ಗದ್ದಲ, ಆ ನಗು, ಓಬಕ್ಕನಿಗೆ ಧೈರ್ಯ ಹೇಳುತ್ತಿದ್ದ ಬೆಂಚು ಅವಳಿಗೆ ಒಮ್ಮೊಮ್ಮೆ ನೆನಪಾಗುತ್ತವೆ. ಆ ದಿನಗಳು ಸೊಗಸಾಗಿದ್ದವು ಎಂಬುದರಲ್ಲಿ ಅವಳಿಗೆ ಇಂದಿಗೂ ಸಂಶಯವಿಲ್ಲ.

ಕಳೆದ ಯುಗಾದಿಯ ನಂತರ ಒಂದು ಬೆಳಿಗ್ಗೆ ರಂಗೇಶ ಕೆನ್ನೆ ಊದಿಸಿಕೊಂಡು ಬಂದ. ಜೊತೆಗೆ ಅಶ್ವಿನಿ, ಮದುವೆಯಾದ ಮೇಲೆ ಆ ಬಾಗಿಲಿಗೆ ಮೊದಲ ಸಲ. ಅವನನ್ನು ಒಳಗೆ ಕರೆದ ಮೇಲೆ ಅವಳು ಬೆಂಚಿನಿಂದೆದ್ದು ಬಾಗಿಲ ಬಳಿ ಬಂದಳು.

"ಏನಂತೆ ಗಂಗಕ್ಕ? ಕೀಳ್ಬೇಕಂತಾ? ನನ್ ಹತ್ರ ಏನೂ ಹೇಳಲ್ಲ ಈ ಮನುಷ್ಯ."

ಒಳಗೆ ಡಾಕ್ಟರಮ್ಮ ಹೇಳಿದ್ದನ್ನು ಕೇಳಿದ್ದ ಗಂಗಕ್ಕನಿಗೆ ಎಲ್ಲವೂ ಗೊತ್ತಿತ್ತು. ಹೇಳಿ ಈ ಹುಡುಗಿಯ ಮನಸ್ಸನ್ನು ಮರಳಿ ಗೆಲ್ಲುವ ಆಸೆ ಒಂದು ಗಳಿಗೆ ಮಿಂಚಿ ಹೋಯಿತು.

"ಈಚೆಗೆ ಬರ್ತಾರಲ್ಲ ಕಣವ್ವ, ಅವ್ರನ್ನೇ ಕೇಳು."

ಅಶ್ವಿನಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಬಾಯ್ತುಂಬ ನಕ್ಕು, ತನ್ನ ಕೈಚೀಲವನ್ನು ಗಂಗಕ್ಕನ ಮೇಜಿನ ಮೇಲಿಟ್ಟು ಹೇಳಿದಳು:

"ಹಂಗಾದ್ರೆ ನಂಗೂ ಒಂದ್ ಟೋಕನ್ ಕೊಡಿ. ಹಲ್ಲು ತೋರ್ಸೋಕೆ ತುಮಕೂರಿಗೆ ಅಲೆದಲೆದು ಸಾಕಾಗೈತೆ."