ಬಟ್ಟಲಲ್ಲಿ ಬಂದ ಸೈನ್ಯ

ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದಾಗ ನನ್ನವರು ಅಂತ ಈ ಊರಲ್ಲಿ ಯಾರೂ ಇರಲಿಲ್ಲ. ಗಂಡನ ನೆಂಟರಿದ್ದರು, ಗಂಡನ ಸ್ನೇಹಿತರಿದ್ದರು, ತಲೆಮಾರುಗಳಿಂದ ಇಲ್ಲೇ ನೆಲೆನಿಂತ ಅವರ ಮನೆತನವಿತ್ತು. ನನ್ನ ಪಾಲಿಗೆ ಅಂತ ಇದ್ದದ್ದು ನಾನೇ ಅಲ್ಲಿ ಇಲ್ಲಿ ಪರಿಚಯ ಮಾಡಿಕೊಂಡು ಕೂಡಿಸಿದ ನಾಲ್ಕು ಜನ ತಮಿಳು ಗೆಳೆಯರು, ಮತ್ತೆ ನಮ್ಮ ಭಾನುವಾರದ ಆಟ.

ಆಟ ಇಷ್ಟೇ. ಮೇಜಿನ ಸುತ್ತ ಕೂತು ಎಲ್ಲರೂ ಸೇರಿ ಬಾಯಲ್ಲೇ ಒಂದು ಕಥೆ ಕಟ್ಟುವುದು. ಅವರು ನಾಲ್ವರೂ ಒಬ್ಬೊಬ್ಬ ವೀರರಾಗುತ್ತಾರೆ. ಉಳಿದದ್ದೆಲ್ಲ ನಾನು: ರಾಕ್ಷಸ, ರಾಜ, ಬಿರುಗಾಳಿ, ದಾರಿಯಲ್ಲಿ ಸಿಗುವ ಮುದುಕಿ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ.

ಎಲ್ಲ ಚೆನ್ನಾಗಿಯೇ ಇತ್ತು, ನನಗೆ ಮಹಾಯುದ್ಧದ ಹುಚ್ಚು ಹಿಡಿಯುವವರೆಗೆ. ವೀರರಿದ್ದ ಕೋಟೆಗೆ ಶತ್ರುಗಳಿಂದ ಮುತ್ತಿಗೆ ಹಾಕಿಸಿದೆ. ದೊಡ್ಡ ಹರಿವಾಣದಲ್ಲಿ ಶತ್ರುಗಳಿಗೆ ಕಡಲೆಕಾಳು, ನಮ್ಮವರಿಗೆ ಹೆಸರುಕಾಳು ಸುರಿದು ಸಾಲುಸಾಲಾಗಿ ಜೋಡಿಸಿದೆ. ಒಂದು ಕಾಳು ಒಬ್ಬ ಸೈನಿಕ. ಒಬ್ಬೊಬ್ಬನಿಗೂ ಬೇರೆ ಬೇರೆ ದಾಳ ಉರುಳಿಸಬೇಕು, ಕೇಳಿ ನನ್ನ ಬುದ್ಧಿ! ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು, ಕೋಟೆಯ ಹೆಬ್ಬಾಗಿಲ ಹತ್ತಿರಕ್ಕೂ ಒಬ್ಬ ಶತ್ರು ಬಂದಿರಲಿಲ್ಲ. ಒಬ್ಬಳು ಮೊಬೈಲ್ ನೋಡುತ್ತಿದ್ದಳು, ಒಬ್ಬ ಆಕಳಿಸುತ್ತಿದ್ದ. ವಡಪಳನಿಯಲ್ಲಿ ಸಿನಿಮಾ ಎಡಿಟಿಂಗ್ ಮಾಡುವವನು ಮಾತ್ರ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ, "ಮುಂದಿನ ವಾರ ಇದು ಮುಗೀದಿದ್ರೆ ಇನ್ನು ನಾನು ಬರಲ್ಲ." ಉಳಿದವರೆಲ್ಲ ಅವನ ಕಾರಲ್ಲೇ ಬರುತ್ತಿದ್ದವರು. ಅವನು ಬಿಟ್ಟರೆ ಎಲ್ಲರೂ ಬಿಟ್ಟ ಹಾಗೆ. ಆ ವಾರ ಪೂರ್ತಿ ನನಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರ ನವರಾತ್ರಿಯಲ್ಲಿ ಬಂತು. ಇಲ್ಲಿ ನವರಾತ್ರಿ ಅಂದರೆ ಮನೆಮನೆಯಲ್ಲೂ ಕೊಲು, ಅಂದರೆ ನಮ್ಮ ಗೊಂಬೆ ಕೂರಿಸುವುದೇ. ದಿನಕ್ಕೊಂದು ಕಾಳಿನ ಉಸಲಿ ಆಗಬೇಕು, ಅದಕ್ಕೆ ಇವರು ಸುಂಡಲ್ ಅನ್ನುತ್ತಾರೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಫ್ರಿಜ್ ಮೇಲೆ ಎತ್ತಿಟ್ಟಿದ್ದ ಹರಿವಾಣದಲ್ಲಿ ಹೆಸರುಕಾಳು ಮಾತ್ರ. ಶತ್ರುಸೈನ್ಯ ಮಂಗಮಾಯ! ನಡುಮನೆಗೆ ಓಡಿದರೆ ಅತ್ತೆ ಕೊಲು ಮುಂದೆ ಪಾತ್ರೆ ಇಟ್ಟು ಕೈಮುಗಿಯುತ್ತಿದ್ದರು. ಇಂಗಿನ ಒಗ್ಗರಣೆ ಘಮ್ಮೆನ್ನುತ್ತಿತ್ತು.

"ನೀನು ಎಷ್ಟು ಅಚ್ಚುಕಟ್ಟಾಗಿ ಆರಿಸಿ ಇಟ್ಟಿದ್ದೀಯಲ್ಲ ಕಣ್ಣಾ! ಇವತ್ತಿನ ಸುಂಡಲ್‌ಗೇ ಅಂದ್ಕೊಂಡು ನಿನ್ನೆನೇ ನೆನೆಹಾಕ್ಬಿಟ್ಟೆ" ಅಂದರು.

"ಅತ್ತೆ, ಅದು ನನ್ನ ಸೈನ್ಯ!"

ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಪಾತ್ರೆ ನೋಡಿದರು, ನನ್ನನ್ನು ನೋಡಿದರು. "ಅಯ್ಯಯ್ಯೋ, ದೇವಿಗೆ ನೈವೇದ್ಯನೂ ಆಗೋಯ್ತಲ್ಲೇ" ಅಂದರು.

ಮಧ್ಯಾಹ್ನ ನಾಲ್ವರೂ ಬಂದರು. ನಡೆದದ್ದು ಹೇಳಿದೆ. ಬಿದ್ದು ಬಿದ್ದು ನಕ್ಕರು. ಎಡಿಟರ್ ಮಾತ್ರ, "ಸರಿ, ಹಾಗಾದ್ರೆ ಯುದ್ಧ ಮುಗೀತು" ಅಂತ ಕಾರಿನ ಕೀ ಎತ್ತಿಕೊಂಡ. ಅಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ಬಟ್ಟಲುಗಳನ್ನು ಜೋಡಿಸಿಕೊಂಡು ಬಂದರು. ಕೊಲು ಮನೆಗೆ ಬಂದವರು ಸುಂಡಲ್ ತಿನ್ನದೆ ಹೋಗುವ ಹಾಗಿಲ್ಲವಲ್ಲ, ಅವನೂ ಕೂತ. "ಇಗೋ, ನಿಮ್ಮ ಸೈನ್ಯ. ಒಬ್ಬೊಬ್ರಿಗೆ ಒಂದೊಂದು ಬಟ್ಟಲು" ಅಂತ ಅತ್ತೆ ಸಂಕೋಚದಿಂದ ಮೇಜಿನ ಮೇಲಿಟ್ಟರು.

ಒಂದೊಂದು ಬಟ್ಟಲು! ನನಗೆ ಥಟ್ಟನೆ ಹೊಳೆಯಿತು. ಕಾಳು ಯಾಕೆ ಎಣಿಸಬೇಕು?

"ಯಾರೂ ತಿನ್ಬೇಡಿ" ಅಂತ ಕೂಗಿದೆ. "ಒಂದು ಬಟ್ಟಲು ಅಂದ್ರೆ ಒಂದು ಶತ್ರುಪಡೆ. ನೀನು ಹೆಬ್ಬಾಗಿಲು ಕಾಯ್ಬೇಕು, ನೀನು ಬಾವಿ, ನೀನು ಬುರುಜು, ನೀನು ಕಣಜ. ಏನು ಮಾಡ್ತೀರ ಹೇಳಿ, ಒಂದೇ ಸಲ ದಾಳ ಹಾಕಿ. ಗೆದ್ರೆ ಒಂದು ಚಮಚ ತಿನ್ನಿ. ಸೋತ್ರೆ ಅತ್ತೆ ಇನ್ನೊಂದು ಸೌಟು ಬಡಿಸ್ತಾರೆ. ಬಟ್ಟಲು ತುಂಬಿ ಚೆಲ್ಲಿದ್ರೆ ಆ ಜಾಗ ಹೋಯ್ತು."

ಅತ್ತೆ ಸೆರಗು ಸಿಕ್ಕಿಸಿ ನಿಂತರು. ಮದುವೆಮನೆಗಳಲ್ಲಿ ಬೇಡ ಬೇಡ ಅಂದವರ ಎಲೆಗೂ ಬಡಿಸಿದ ಕೈ ಅದು. "ಇನ್ನೊಂದ್ ಸ್ವಲ್ಪ ಕಣ್ಣಾ" ಅಂತ ಬಗ್ಗಿದರೆ ಸಾಕು, ವೀರರೆಲ್ಲ ಬಟ್ಟಲಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬಾವಿ ಉಳಿಯಿತು, ಬುರುಜು ಬಿತ್ತು, ಕಣಜ ಹೇಗೋ ಬಚಾವಾಯಿತು. ಹೆಬ್ಬಾಗಿಲಲ್ಲಿದ್ದ ಎಡಿಟರನ ಬಟ್ಟಲು ಗೋಪುರವಾಗಿತ್ತು, ಇನ್ನೊಂದು ಸೌಟಿಗೆ ಚೆಲ್ಲುವ ಹಾಗೆ. ಅವನು ಎದ್ದೇ ನಿಂತ. "ಊರವರನ್ನೆಲ್ಲ ಒಳಗೆ ಕಳಿಸಿ ಬಾಗಿಲು ಹಾಕಿಸ್ತೀನಿ. ನಾನು ಹೊರಗೇ ನಿಲ್ತೀನಿ" ಅಂದ. ಯುದ್ಧದ ಕೊನೆಯ ದಾಳ ಉರುಳಿ ಉರುಳಿ ನಿಂತಿತು. ಗೆದ್ದ! ಕೋಟೆ ಉಳಿಯಿತು! ಎಲ್ಲರಿಗಿಂತ ಜೋರಾಗಿ ಕೂಗಿದ್ದು ಶತ್ರುಪಕ್ಷದ ಅತ್ತೆ.

ಹೊರಡುವಾಗ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಳಗೆ ಇಣುಕಿ ಕೇಳಿದ, "ಮಾಮಿ, ಮುಂದಿನ ಭಾನುವಾರ ನೀವೂ ಇರ್ತೀರಲ್ಲ?"

ಆಮೇಲಿಂದ ಎಷ್ಟೋ ಯುದ್ಧ ನಡೆಸಿದ್ದೇನೆ, ಒಂದರಲ್ಲೂ ತಲೆ ಎಣಿಸಿಲ್ಲ. ಆ ಕಡಲೆ ನೆನೆದದ್ದಕ್ಕೆ ಇವತ್ತಿಗೂ ಮನಸಲ್ಲೇ ಕೈಮುಗಿಯುತ್ತೇನೆ. ಅವತ್ತು ಮಾತ್ರ ಬಾಯಿಬಿಟ್ಟೇ ಹೇಳೋಣ ಅಂತ ಅಡುಗೆಮನೆಗೆ ಹೋದೆ. ಅತ್ತೆ ಬಟ್ಟಲು ತೊಳೆಯುತ್ತಿದ್ದರು.

"ನೀವಿಲ್ದಿದ್ರೆ ಇವತ್ತು ನನ್ನೋರು ಅಂತ ಒಬ್ರೂ ಉಳೀತಿರ್ಲಿಲ್ಲ ಅತ್ತೆ."

ಅವರು ನಲ್ಲಿ ನಿಲ್ಲಿಸಿದರು. "ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ಬಂದೋರೆಲ್ಲ ನಿಮ್ಮ ಮಾವನ್ನ ಕೇಳ್ಕೊಂಡು ಬರೋರು, ಆಮೇಲೆ ನಿನ್ನ ಗಂಡನ್ನ ಕೇಳ್ಕೊಂಡು ಬರೋರು. ನೀವು ಇರ್ತೀರಾ ಅಂತ ನನ್ನ ಕೇಳಿದ್ದು ಈ ಹುಡುಗನೇ ಮೊದಲು." ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಭಾನುವಾರ ನಾನು ಎಲ್ಲಿ ಕೂತ್ಕೋಬೇಕು, ಹೇಳು."